ಗೃಹಕಾಯಕ: ಬಾನೆಟ್ಟಿನ ಕೆಳಗಿನ ಕೊಳೆ



ಮಹಾನವಮಿ ಸಮೀಪಿಸಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ವಾಹನದ ವಿಚಾರ ತಪ್ಪದೆ ಇರುತ್ತದೆ. ಈ ಬಾರಿ ಸೋದರಿಯೊಬ್ಬರು ಹೀಗೆ ಕೇಳಿದ್ದಾರೆ: "ಕಾರಿನ ಹೊರಮೈಯನ್ನು ನಾವೇ ತೊಳೆಯುತ್ತೇವೆ. ಆದರೆ ಬಾನೆಟ್ ಎತ್ತಿ ನೋಡಿದರೆ ಎಂಜಿನ್ನಿನ ಸುತ್ತ ಮಣ್ಣು, ಎಣ್ಣೆಯ ಜಿಡ್ಡು, ಬೇವಿನ ಒಣ ಎಲೆಗಳು ತುಂಬಿವೆ. ಪೂಜೆಯ ದಿನ ಹೀಗೆಯೇ ಬಿಡಲು ಮನಸ್ಸಾಗದು. ಪೈಪು ಹಿಡಿದು ತೊಳೆದುಬಿಡೋಣ ಎನ್ನುತ್ತಾರೆ ಯಜಮಾನರು. ಬೇಡವೆನ್ನುತ್ತಾನೆ ಮಗ. ಯಾರ ಮಾತು ಸರಿ?"

ಸೋದರಿಯವರಿಗೆ ನಮ್ಮ ಉತ್ತರವಿಷ್ಟೆ: ತೊಳೆಯಬೇಕೆಂಬ ಯಜಮಾನರ ಮಾತು ಸರಿ, ಪೈಪು ಬೇಡವೆಂಬ ಮಗನ ಮಾತೂ ಸರಿ. ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ, ಪೆಟ್ಟು ತಿಂದು ಕಲಿತವರು. ಆದುದರಿಂದ ಮೊದಲು ನಮ್ಮ ತಪ್ಪನ್ನೇ ಹೇಳಿಕೊಳ್ಳುತ್ತೇವೆ.

2011ರ ಮಹಾನವಮಿಯ ಹಿಂದಿನ ಸಂಜೆ. ಹೂವು ಹಣ್ಣು ತರಲು ಪೇಟೆಗೆ ಹೋಗಿ ಬಂದ ಕಾರಿನ ಎಂಜಿನ್ ಇನ್ನೂ ಬಿಸಿಯಾಗಿಯೇ ಇತ್ತು. ನಾವು ಉತ್ಸಾಹದಿಂದ ಬಾನೆಟ್ ಎತ್ತಿ, ತೋಟದ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ರಭಸವಾಗಿ ನೀರು ಹಾಯಿಸಿದೆವು. ಬುಸ್ಸೆಂದು ಹಬೆ ಎದ್ದಿತು. ಕೊಳೆಯೆಲ್ಲ ಹರಿದುಹೋಗಿ ಲೋಹ ಹೊಳೆಯಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆವು. ಅದೇ ರಾತ್ರಿ ಎರಡು ಗಂಟೆಯ ಸುಮಾರಿಗೆ ನಮ್ಮ ತಾಯಿಯವರಿಗೆ ಉಸಿರಾಟದ ತೊಂದರೆ ಕಾಣಿಸಿಕೊಂಡಿತು. ಅವರನ್ನು ಕಾರಿನಲ್ಲಿ ಕೂರಿಸಿ ಕೀಲಿ ತಿರುಗಿಸಿದರೆ ಎಂಜಿನ್ ನರಳಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಹತ್ತು ಬಾರಿ ಪ್ರಯತ್ನಿಸಿದೆವು. ಕೊನೆಗೆ ನೆರೆಮನೆಯ ಬಂಧುಗಳು ಎದ್ದು ಬಂದು ತಮ್ಮ ಆಟೋರಿಕ್ಷಾದಲ್ಲಿ ತಾಯಿಯವರನ್ನು ಆಸ್ಪತ್ರೆಗೆ ಮುಟ್ಟಿಸಿದರು. ತಾಯಿಯವರು ಗುಣಮುಖರಾಗಿ ಮೂರನೆಯ ದಿನ ಮನೆಗೆ ಬಂದರು. ಆದರೆ ಆ ಇಪ್ಪತ್ತು ನಿಮಿಷಗಳನ್ನು ನಾವು ಇಂದಿಗೂ ಮರೆತಿಲ್ಲ.

ಮರುದಿನ ಬಂದ ಮಿಸ್ತ್ರಿ ಸ್ಪಾರ್ಕ್ ಪ್ಲಗ್ಗುಗಳ ಟೋಪಿ ಕಿತ್ತು ನೋಡಿದರು. ಪ್ಲಗ್ ಕೂರುವ ಕುಳಿಗಳಲ್ಲಿ ನೀರು ನಿಂತಿತ್ತು. ಅವರು ಬಟ್ಟೆಯ ತುದಿಯಿಂದ ಅದನ್ನು ಹೀರಿ ತೆಗೆಯುತ್ತಾ ನಮ್ಮತ್ತ ನೋಡಿ ಕೇಳಿದರು: "ಸರ್ರ, ಕಾರಹುಣ್ಣಿಮಿಗೆ ಎತ್ತಿನ ಮೈ ತೊಳೀಬೇಕಾದ್ರ ಕಿವ್ಯಾಗ ನೀರು ಹಾಕ್ತಾರೇನ್ರಿ?"

ಆ ಒಂದು ಪ್ರಶ್ನೆಯಲ್ಲಿ ಇಡೀ ವಿದ್ಯೆ ಅಡಗಿದೆ. ನಮ್ಮ ಹಿರಿಯರು ಎತ್ತುಗಳನ್ನು ಹಳ್ಳಕ್ಕಿಳಿಸಿ ತಿಕ್ಕಿ ತೊಳೆಯುತ್ತಿದ್ದರು. ಆದರೆ ಕಣ್ಣು, ಕಿವಿ, ಮೂಗು ಬಂದಲ್ಲಿ ಅವರ ಕೈ ತಾನಾಗಿ ಮೆತ್ತಗಾಗುತ್ತಿತ್ತು. ಎಂಜಿನ್ನಿಗೂ ಕಿವಿ ಮೂಗುಗಳಿವೆ. ಅವು ಎಲ್ಲಿವೆಯೆಂದು ತಿಳಿಯದೆ ನೀರು ಹಾಕಿದ್ದೇ ನಮ್ಮ ತಪ್ಪು.

ಏಕೆ ತೊಳೆಯಬೇಕು?

ಮುಚ್ಚಳದ ಕೆಳಗಿನ ಕೊಳೆ ಯಾರಿಗೆ ಕಾಣುತ್ತದೆ, ಬಿಟ್ಟರಾಯಿತು ಎನ್ನುವವರಿದ್ದಾರೆ. ಅದು ಸರಿಯಲ್ಲ. ಎಂಜಿನ್ನಿನ ಎಣ್ಣೆ ಎಲ್ಲಿಯೋ ಜಿನುಗುತ್ತಿದ್ದರೆ ಅದರ ಮೇಲೆ ಧೂಳು ಕೂತು ಕಪ್ಪು ಹೆಪ್ಪಾಗುತ್ತದೆ. ಜಿನುಗುವ ಜಾಗ ಕಣ್ಣಿಗೆ ಬೀಳುವುದಿಲ್ಲ. ಹೊಂಗೆ, ಬೇವಿನ ಮರಗಳ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಮುಂಗಾಜಿನ ಬುಡದ ಜಾಲರಿಯಿಂದ ಎಲೆಗಳು ಇಳಿದು ನೀರು ಹರಿಯುವ ದಾರಿಯನ್ನು ಕಟ್ಟುತ್ತವೆ. ಎಲೆಯ ಮೆತ್ತೆ ಇಲಿಗೆ ಹಾಸಿಗೆಯಾಗುತ್ತದೆ. ಇಲಿ ಬಂದರೆ ತಂತಿಗಳ ಹೊದಿಕೆ ಕಡಿಯದೆ ಬಿಡದು. ಒಂದು ಕಡೆ ಜಿನುಗುವ ಎಣ್ಣೆ, ಒಂದು ಕಡೆ ಒಣ ಎಲೆ, ಒಂದು ಕಡೆ ಬತ್ತಲೆ ತಂತಿ. ನಡುವೆ ಕೆಂಡದಂತೆ ಕಾಯುವ ಹೊಗೆಕೊಳವೆ. ಬೆಂಕಿಗೆ ಇನ್ನೇನು ಬೇಕು?

ಆದುದರಿಂದ ಎಂಜಿನ್ ತೊಳೆಯುವುದು ಹೊಳಪಿಗಾಗಿ ಅಲ್ಲ, ಒಳಗಿನ ದೋಷ ಕಾಣಲೆಂದು. ಇದಕ್ಕೆ ವಿರುದ್ಧವಾದ ತೊಳೆತವೂ ಒಂದುಂಟು. ಹಳೆಯ ಕಾರನ್ನು ಮಾರುವ ಮುನ್ನ ಎಂಜಿನ್ನಿಗೆ ಎಣ್ಣೆ ಒರೆಸಿ ಮಿರಮಿರನೆ ಮಾಡಿ, ಸೋರಿಕೆಯ ಗುರುತು ಅಳಿಸಿ, ಕೊಳ್ಳುವವರ ಕಣ್ಣಿಗೆ ಮಣ್ಣೆರಚುವ ತೊಳೆತ. ಅಂತರಂಗ ಬಹಿರಂಗಗಳೆರಡರ ಶುದ್ಧಿಯನ್ನೂ ಕೇಳಿದ ಶರಣರ ಮಕ್ಕಳಾದ ನಾವು ಅಂತಹ ಕೆಲಸಕ್ಕೆ ಕೈ ಹಾಕಬಾರದು. ಹಳೆಯ ಕಾರು ಕೊಳ್ಳುವ ಬಂಧುಗಳೂ ಒಂದು ಮಾತು ನೆನಪಿಡಲಿ: ಹತ್ತು ವರ್ಷದ ಕಾರಿನ ಎಂಜಿನ್ ಹೊಸದರಂತೆ ಹೊಳೆಯುತ್ತಿದ್ದರೆ ಸಂತೋಷಪಡುವ ಮೊದಲು ಸಂಶಯಪಡಿರಿ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಮತ್ತೆ ಬಾನೆಟ್ ಎತ್ತಿ ನೋಡಿರಿ.

ಸಿದ್ಧತೆ

ಮೊದಲು ಕಾರಿನೊಡನೆ ಬಂದ ಕೈಪಿಡಿಯನ್ನು ತೆರೆಯಿರಿ. ಎಂಜಿನ್ನಿಗೆ ನೀರು ತಾಗಿಸಲೇಬಾರದೆಂದು ಕೆಲವು ಕೈಪಿಡಿಗಳು ಸ್ಪಷ್ಟವಾಗಿ ಹೇಳುತ್ತವೆ. ಹಾಗಿದ್ದರೆ ಒಣ ಬಟ್ಟೆ, ಕುಂಚಗಳಿಗಷ್ಟೇ ನಿಲ್ಲಿಸಿರಿ. ವಿದ್ಯುತ್ ಕಾರು ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿಗಳಿರುತ್ತವೆ. ಅವು ಪ್ರಾಣಾಂತಿಕವಾದ ಹೆಚ್ಚಿನ ಒತ್ತಡದ ವಿದ್ಯುತ್ತಿನವು. ಅಂತಹ ವಾಹನಗಳ ಬಾನೆಟ್ಟಿನ ಕೆಳಗೆ ಮನೆಯಲ್ಲಿ ನೀರಿನ ಕೆಲಸ ಬೇಡವೇ ಬೇಡ.

ತೊಳೆಯಲು ಬೆಳಗಿನ ಹೊತ್ತೇ ಒಳ್ಳೆಯದು. ಕಾರು ರಾತ್ರಿಯಿಡೀ ನಿಂತು ಎಂಜಿನ್ ಪೂರ್ತಿ ತಣಿದಿರಬೇಕು. ಬಿಸಿ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಹಬೆಯಿಂದ ಮುಖ ಸುಡಬಹುದು. ರೇಡಿಯೇಟರಿನ ಮುಚ್ಚಳವನ್ನಂತೂ ಬಿಸಿಯಿರುವಾಗ ಎಂದಿಗೂ ತೆರೆಯಬಾರದು. ನಾಳೆ ಬೆಳಿಗ್ಗೆ ಊರಿಗೆ ಹೊರಡಬೇಕಾದವರು ಇಂದು ತೊಳೆಯಬಾರದು. ಮನೆಯಲ್ಲಿ ವೃದ್ಧರು, ರೋಗಿಗಳು, ಬಸುರಿಯರು ಇದ್ದರೆ ಇನ್ನೊಂದು ವಾಹನದ ಆಸರೆ ಇಟ್ಟುಕೊಂಡೇ ಈ ಕೆಲಸಕ್ಕೆ ಕೈ ಹಚ್ಚಿರಿ. ಈ ಮಾತನ್ನು ನಾವು ಏಕೆ ಒತ್ತಿ ಹೇಳುತ್ತಿದ್ದೇವೆಂದು ಓದುಗರು ಬಲ್ಲರು.

ಸಮತಟ್ಟಾದ ನೆರಳಿನಲ್ಲಿ ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಬಾನೆಟ್ ಎತ್ತುವ ಮುನ್ನ ಅದನ್ನು ಎರಡು ಸಲ ತಟ್ಟಿರಿ. ಬೆಚ್ಚಗಿನ ಜಾಗ ಅರಸಿ ಬೆಕ್ಕಿನ ಮರಿಗಳು ಒಳಗೆ ಮಲಗಿರುವುದುಂಟು, ಕೆಲವೊಮ್ಮೆ ಹಾವೂ ಇರುವುದುಂಟು. ಅವುಗಳ ಜೀವಕ್ಕೂ ನಿಮ್ಮ ಜೀವಕ್ಕೂ ಇದು ಕ್ಷೇಮ. ಕೀಲಿಯನ್ನು ಮನೆಯೊಳಗೆ ಇಟ್ಟುಬನ್ನಿರಿ, ಮಕ್ಕಳ ಕೈಗೆ ಸಿಗಬಾರದು. ರೇಡಿಯೇಟರಿನ ಫ್ಯಾನು ಕೆಲವು ಕಾರುಗಳಲ್ಲಿ ಎಂಜಿನ್ ನಿಲ್ಲಿಸಿದ ಮೇಲೂ ತಟ್ಟನೆ ತಿರುಗುತ್ತದೆ, ಬೆರಳು ಕತ್ತರಿಸಬಲ್ಲದು.

ಬಳಿಕ ಬ್ಯಾಟರಿಯ ಋಣ ತುದಿಯನ್ನು, ಎಂದರೆ ಮೈನಸ್ ಗುರುತಿನ ತಂತಿಯನ್ನು, ಮೊದಲು ಕಳಚಿ ಬದಿಗೆ ಸರಿಸಿರಿ. ಪ್ಲಸ್ ತುದಿಗೆ ಮೊದಲು ಕೈ ಹಾಕಿದರೆ ಪಾನಾ ಕಾರಿನ ಮೈಗೆ ತಾಗಿ ಕಿಡಿ ಹಾರುವ ಭಯವಿದೆ. ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲ ಹೊತ್ತಿಕೊಳ್ಳುವಂಥದು. ಆದುದರಿಂದ ಬೀಡಿ, ಸಿಗರೇಟು, ದೀಪ ಯಾವುದೂ ಹತ್ತಿರ ಸುಳಿಯಬಾರದು. ತಂತಿ ಕಳಚಿದ್ದರಿಂದ ಗಡಿಯಾರ, ರೇಡಿಯೋ, ಕಿಟಕಿಗಳ ಹೊಂದಾಣಿಕೆ ಅಳಿಸಿಹೋಗಬಹುದು. ಕೈಪಿಡಿ ನೋಡಿ ಸರಿಪಡಿಸಿಕೊಳ್ಳಬಹುದು.

ಕಿವಿ ಮೂಗು ಮುಚ್ಚುವುದು

ಈಗ ಮಿಸ್ತ್ರಿಯವರ ಮಾತನ್ನು ನೆನೆಯಿರಿ. ಏರ್ ಫಿಲ್ಟರಿನ ಬಾಯಿ ಎಂಜಿನ್ನಿನ ಮೂಗು. ಅಲ್ಲಿ ನೀರು ಹೊಕ್ಕರೆ ಎಂಜಿನ್ ಕೆಡುತ್ತದೆ. ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ, ಕಂಪ್ಯೂಟರ್ ಪೆಟ್ಟಿಗೆ, ಸ್ಪಾರ್ಕ್ ಪ್ಲಗ್ ಮತ್ತು ಕಾಯಿಲುಗಳು, ತಂತಿ ಕೂಡುವ ಜೋಡಣೆಗಳು ಇವೆಲ್ಲ ಕಿವಿಗಳು. ಅಂಬಾಸಿಡರಿನಂತಹ ಹಳೆಯ ಕಾರು ಇನ್ನೂ ಮನೆಯಲ್ಲಿದ್ದರೆ ಅದರ ಡಿಸ್ಟ್ರಿಬ್ಯೂಟರನ್ನೂ ಈ ಪಟ್ಟಿಗೆ ಸೇರಿಸಿರಿ. ಇವುಗಳಿಗೆ ಪ್ಲಾಸ್ಟಿಕ್ ಚೀಲ ಹೊದಿಸಿ ರಬ್ಬರ್ ಬ್ಯಾಂಡು ಬಿಗಿಯಿರಿ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಬ್ಯಾಟರಿಯ ಬಳಿ ಬಳಸಬಾರದು; ಅದು ವಿದ್ಯುತ್ ಹರಿಸುತ್ತದೆ. ಎಂಜಿನ್ ಎಣ್ಣೆ, ಕೂಲೆಂಟ್, ಬ್ರೇಕ್ ಎಣ್ಣೆಗಳ ಮುಚ್ಚಳಗಳು ಬಿಗಿಯಾಗಿವೆಯೇ, ಎಣ್ಣೆಯ ಅಳತೆಕಡ್ಡಿ ತನ್ನ ಜಾಗದಲ್ಲಿ ಕೂತಿದೆಯೇ ಎಂದು ನೋಡಿರಿ. ಸಾಮಾನ್ಯ ಬ್ರೇಕ್ ಎಣ್ಣೆ ನೀರನ್ನು ಹೀರಿಕೊಳ್ಳುವ ಗುಣದ್ದು. ನೀರು ಸೇರಿದರೆ ಅದರ ಬಲ ಕುಂದಿ ಬ್ರೇಕ್ ಸೋಲಬಹುದು.

ಎಷ್ಟು ಚೀಲ ಕಟ್ಟಿದಿರೆಂಬುದನ್ನು ಎಣಿಸಿ ಚೀಟಿಯಲ್ಲಿ ಬರೆದಿಡಿರಿ. ಆರು ಕಟ್ಟಿದ್ದರೆ ಆರೂ ಹೊರಬರಬೇಕು. ಮರೆತ ಒಂದು ಚೀಲ ಬೆಲ್ಟಿಗೆ ಸಿಕ್ಕಿಕೊಳ್ಳಬಹುದು, ಹೊಗೆಕೊಳವೆಯ ಮೇಲೆ ಕರಗಿ ಉರಿಯಬಹುದು.

ತೊಳೆಯುವ ಕ್ರಮ

ನೀರಿಗೆ ಮುನ್ನ ಒಣ ಕೊಳೆ. ಕೈಗವಸು ತೊಟ್ಟು ಎಲೆ, ಕಡ್ಡಿಗಳನ್ನು ಆಯ್ದು ತೆಗೆಯಿರಿ. ಧೂಳನ್ನು ಮೆತ್ತನೆಯ ಕುಂಚದಿಂದ ಹೊಡೆಯಿರಿ. ಇಲಿಯ ಹಿಕ್ಕೆ ಅಥವಾ ಗೂಡು ಕಂಡರೆ ಒಣಗಿದ್ದಂತೆಯೇ ಗುಡಿಸಬೇಡಿರಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸೋಂಕುನಿವಾರಕ ದ್ರವ ಸಿಂಪಡಿಸಿ ನೆನೆಯಲು ಬಿಟ್ಟು, ಬಳಿಕ ಕಾಗದದಿಂದ ಎತ್ತಿರಿ. ಕರಾವಳಿ, ಮಲೆನಾಡುಗಳ ಬಂಧುಗಳಿಗೆ ಇಲಿಜ್ವರದ ಪರಿಚಯ ನಮಗಿಂತ ಹೆಚ್ಚು.

ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಬಣ್ಣದ ಪುಡಿ ಕಟ್ಟಿದ್ದರೆ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿರಿ. ಅದು ಆಮ್ಲವನ್ನು ಶಮನಗೊಳಿಸುತ್ತದೆ. ಬ್ಯಾಟರಿಯ ಮುಚ್ಚಳಗಳ ಸಂದಿಯಿಂದ ಒಳಗಿಳಿಯದಂತೆ ಎಚ್ಚರವಿರಲಿ. ಒರೆಸಿ ಒಣಗಿಸಿ ತುದಿಗಳಿಗೆ ತುಸು ವ್ಯಾಸಲೀನ್ ಸವರಿರಿ.

ಜಿಡ್ಡಿಗೆ ಅಂಗಡಿಯಲ್ಲಿ ಸಿಗುವ, ನೀರಿನಲ್ಲಿ ಬೆರೆಯುವ ಜಿಡ್ಡುನಿವಾರಕ ದ್ರವವಿದೆ. ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ಬೆರೆಸಿ, ಜಿಡ್ಡಿರುವ ಜಾಗಕ್ಕೆ ಮಾತ್ರ ಸಿಂಪಡಿಸಿರಿ. ಮೂರು ನಾಲ್ಕು ನಿಮಿಷ ಬಿಟ್ಟು, ಒಣಗುವ ಮೊದಲೇ ಕುಂಚದಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿರಿ. ಬಟ್ಟೆಯನ್ನು ಮತ್ತೆ ಮತ್ತೆ ಹಿಂಡಿ ಒರೆಸುವುದೇ ಇಲ್ಲಿ ತೊಳೆಯುವುದು. ಬೆಲ್ಟಿಗೆ ದ್ರವ ತಾಗಬಾರದು. ತಾಗಿದರೆ ಜಾರಿ ಕಿರುಗುಟ್ಟುತ್ತದೆ. ರೇಡಿಯೇಟರಿನ ತೆಳು ತಗಡುಗಳನ್ನು ಒತ್ತಿ ಉಜ್ಜಿದರೆ ಮಡಚಿಕೊಳ್ಳುತ್ತವೆ. ಬಾನೆಟ್ಟಿನ ಒಳಮೈ, ಪಕ್ಕದ ತಗಡಿನ ಗೋಡೆಗಳಂತಹ ಬರಿಯ ಲೋಹಕ್ಕೆ ಮಾತ್ರ ಸಿಂಪಡಿಸುವ ಸೀಸೆಯಿಂದ ನೀರು ಹಾಕಬಹುದು.

ಇಷ್ಟಕ್ಕೆಲ್ಲ ಅರ್ಧ ಬಕೀಟು ನೀರು ಸಾಕು. ಪೈಪು ಹಿಡಿದರೆ ಸಾಮಾನ್ಯವಾಗಿ ನಿಮಿಷಕ್ಕೆ ಹತ್ತು ಲೀಟರಿಗೂ ಮಿಕ್ಕಿ ಹರಿಯುತ್ತದೆ. 2024ರ ಮಾರ್ಚ್ ತಿಂಗಳ ನೀರಿನ ಬವಣೆಯಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿದ್ದು ನೆನಪಿರಬಹುದು. ದಂಡವಿರಲಿ ಇಲ್ಲದಿರಲಿ, ನೀರು ಪೋಲು ಮಾಡುವುದು ನಮ್ಮ ಮನೆತನಕ್ಕೆ ಒಪ್ಪುವಂಥದಲ್ಲ. ಒರೆಸಿದ ಎಣ್ಣೆಬಟ್ಟೆಯನ್ನು ಚರಂಡಿಗೋ ಹೂಗಿಡದ ಬುಡಕ್ಕೋ ಹಿಂಡಬಾರದು. ಬಳಸಿದ ಎಂಜಿನ್ ಎಣ್ಣೆಯನ್ನು 2016ರ ಕೇಂದ್ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದೇ ಎಣಿಸಿವೆ. ಹೆಪ್ಪುಗಟ್ಟಿದ ಜಿಡ್ಡನ್ನು ಮೊದಲು ಕಾಗದದಿಂದ ಕೆರೆದು ತೆಗೆದು, ಕಾಗದ ಮತ್ತು ಎಣ್ಣೆಬಟ್ಟೆಗಳನ್ನು ಬೇರೆ ಕಟ್ಟಿಟ್ಟು ಅಪಾಯಕಾರಿ ಕಸದೊಡನೆ ಒಪ್ಪಿಸಿರಿ.

ಮಾಡಲೇಬಾರದ ಕೆಲಸಗಳು

ಸೀಮೆಎಣ್ಣೆ, ಪೆಟ್ರೋಲು, ಡೀಸೆಲ್ಲುಗಳಿಂದ ಎಂಜಿನ್ ತೊಳೆಯುವ ಹಳೆಯ ರೂಢಿ ನಮ್ಮ ಊರುಗಳಲ್ಲಿ ಇನ್ನೂ ಅಳಿದಿಲ್ಲ. ಜಿಡ್ಡು ಬಿಡುವುದು ನಿಜ. ಆದರೆ ಸೀಮೆಎಣ್ಣೆಯ ಆವಿಗೆ ಕಿಡಿ ತಾಗಿ ಹೊತ್ತಿಕೊಳ್ಳಲು 35 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಶಾಖವೇ ಸಾಕಾಗಬಹುದು. ಕಲಬುರ್ಗಿ, ರಾಯಚೂರುಗಳ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ. ಪೆಟ್ರೋಲಂತೂ ಕೊರೆಯುವ ಚಳಿಯಲ್ಲಿಯೂ ಹೊತ್ತಿಕೊಳ್ಳಬಲ್ಲದು. ಇವು ರಬ್ಬರಿನ ಕೊಳವೆಗಳನ್ನೂ ಕೆಡಿಸುತ್ತವೆ. ಬಟ್ಟೆ ಒಗೆಯುವ ಖಾರವಾದ ಸೋಡಾ, ಕಾಸ್ಟಿಕ್, ಶೌಚಾಲಯದ ಆಮ್ಲ ಇವು ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತವೆ.

ಈಚೆಗೆ ಅನೇಕ ಮನೆಗಳಿಗೆ ಒತ್ತಡದ ನೀರಿನ ಯಂತ್ರ ಬಂದಿದೆ. ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡ ಎರಡು ಬಾರ್‌ಗಿಂತ ತುಸು ಹೆಚ್ಚು. ಈ ಯಂತ್ರಗಳು ನೂರು ಬಾರ್‌ನ ಸುತ್ತಮುತ್ತ ನೀರು ಚಿಮ್ಮಿಸುತ್ತವೆ. ಯಾವ ರಬ್ಬರ್ ಬಿರಡೆಯೂ ಅದನ್ನು ತಡೆಯದು. ಅದನ್ನು ಚಕ್ರಗಳಿಗೆ ಬಳಸಿಕೊಳ್ಳಿರಿ, ಬಾನೆಟ್ಟಿನ ಕೆಳಗೆ ತರಬೇಡಿರಿ.

ಒಣಗಿಸಿ ನೋಡುವುದು

ಹಳೆಯ ಹತ್ತಿಯ ಪಂಚೆಯ ತುಂಡಿನಿಂದ ಎಲ್ಲವನ್ನೂ ಒತ್ತಿ ಒರೆಸಿ, ಚೀಲಗಳನ್ನು ಎಣಿಸಿ ಬಿಚ್ಚಿ, ಬಾನೆಟ್ ತೆರೆದಿಟ್ಟು ಎರಡು ಮೂರು ಗಂಟೆ ಗಾಳಿಯಾಡಲು ಬಿಡಿರಿ. ಆ ಬಿಡುವಿನಲ್ಲಿ ಕೈಯಲ್ಲಿ ಟಾರ್ಚು ಹಿಡಿದು ನೋಡಿರಿ. ಇಷ್ಟು ಹೊತ್ತು ದುಡಿದದ್ದು ಈ ನೋಟಕ್ಕಾಗಿಯೇ. ಹಲ್ಲಿನ ಗುರುತಿರುವ ತಂತಿ, ಬಿರಿದ ರಬ್ಬರ್ ಕೊಳವೆ, ಕೂಲೆಂಟಿನ ಬಣ್ಣದ ಕಲೆ, ಹೊಸದಾಗಿ ಜಿನುಗಿದ ಎಣ್ಣೆಯ ಹನಿ, ಬ್ರೇಕ್ ಎಣ್ಣೆಯ ಡಬ್ಬಿಯಲ್ಲಿ ತಗ್ಗಿದ ಮಟ್ಟ ಇವುಗಳಲ್ಲಿ ಯಾವುದು ಕಂಡರೂ ಬರೆದಿಟ್ಟುಕೊಂಡು ಮಿಸ್ತ್ರಿಗೆ ತೋರಿಸಿರಿ. ಪೆಟ್ರೋಲಿನ ವಾಸನೆ ಬಂದರೆ ಎಂಜಿನ್ ಚಾಲೂ ಮಾಡದೆ ಮಿಸ್ತ್ರಿಯನ್ನೇ ಮನೆಗೆ ಕರೆಸಿರಿ.

ಎಲ್ಲವೂ ಸರಿಯಿದ್ದರೆ ಬ್ಯಾಟರಿಯ ತಂತಿ ಜೋಡಿಸಿ, ಬಯಲಿನಲ್ಲಿ ಕಾರು ಚಾಲೂ ಮಾಡಿ ಹತ್ತು ಹದಿನೈದು ನಿಮಿಷ ಬಿಡಿರಿ. ಮುಚ್ಚಿದ ಶೆಡ್ಡಿನೊಳಗೆ ಬೇಡ, ಹೊಗೆಯಲ್ಲಿನ ವಿಷಾನಿಲಕ್ಕೆ ವಾಸನೆಯೇ ಇಲ್ಲ. ಎಂಜಿನ್ ನಡುಗಿದರೆ ಅಥವಾ ಮುಂದಿನ ಫಲಕದಲ್ಲಿ ಎಚ್ಚರಿಕೆಯ ದೀಪ ಉರಿಯುತ್ತಲೇ ಇದ್ದರೆ ನಿಲ್ಲಿಸಿರಿ, ಇನ್ನೂ ಒಣಗಲು ಬಿಡಿರಿ. ಆಮೇಲೂ ಹಾಗೆಯೇ ಇದ್ದರೆ ಓಡಿಸದೆ ತೋರಿಸಿರಿ. ವರ್ಷಕ್ಕೆ ಒಂದೆರಡು ಸಲ ಹೀಗೆ ಮಾಡಿದರೆ ಸಾಕು. ಉಳಿದ ತಿಂಗಳುಗಳಲ್ಲಿ ಎಲೆ ಆಯ್ದು ಒಣ ಬಟ್ಟೆಯಿಂದ ಧೂಳು ಒರೆಸಿದರಾಯಿತು.

ಮಹಾನವಮಿಯ ದಿನ ವಿಭೂತಿ ಧರಿಸಿ ಹೂ ಏರಿಸುವವರಿಗೆ ಒಂದು ಸೂಚನೆ. ತೆರೆದ ಬಾನೆಟ್ಟಿನ ಬಳಿ ಕರ್ಪೂರ, ಊದುಬತ್ತಿ ತರಬೇಡಿರಿ. ಎಂಜಿನ್ನಿನ ಮೇಲೆ ಇಟ್ಟ ಹೂಗಳನ್ನು ಕಾರು ಹೊರಡುವ ಮೊದಲೇ ತೆಗೆಯಿರಿ.

12ನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವರು ಶರಣರ ಬಟ್ಟೆ ಒಗೆಯುವುದನ್ನೇ ತಮ್ಮ ಕಾಯಕವಾಗಿಸಿಕೊಂಡರು. ತೊಳೆಯುವ ಕೆಲಸ ಕೀಳೆಂದು ನಮ್ಮ ಸಮಾಜದಲ್ಲಿ ಯಾರೂ ಹೇಳುವಂತಿಲ್ಲ. ಆದರೆ ಬಟ್ಟೆಯ ಬಗೆ ತಿಳಿಯದೆ ಎಲ್ಲವನ್ನೂ ಒಂದೇ ಸಮನೆ ಕಲ್ಲಿಗೆ ಬಡಿಯುವವರು ಆ ಕಾಯಕಕ್ಕೆ ಸಲ್ಲರು. ತೊಳೆಯುವ ವಸ್ತುವನ್ನು ಮೊದಲು ತಿಳಿಯಬೇಕು, ಆಮೇಲೆ ಕೈ ಒದ್ದೆ ಮಾಡಬೇಕು.

ನಮ್ಮ ತಾಯಿಯವರು ಆ ಘಟನೆಯ ಬಳಿಕ ಪ್ರತಿ ಮಹಾನವಮಿಗೂ ಪಡಸಾಲೆಯಲ್ಲಿ ಕೂತು ನಾವು ಎಂಜಿನ್ ಒರೆಸುವುದನ್ನು ನೋಡುತ್ತಿದ್ದರು. "ಕಿವಿ ಮುಚ್ಚೀಯೇನಪ್ಪ?" ಎಂದು ಕೇಳಿ ನಗುತ್ತಿದ್ದರು. ಸೋದರಿಯವರೂ ತಮ್ಮ ಯಜಮಾನರನ್ನು ಹಾಗೆಯೇ ಕೇಳಲಿ. ಮಗನ ಕೈಗೆ ಚೀಲಗಳ ಲೆಕ್ಕದ ಚೀಟಿ ಕೊಡಲಿ.

ಶರಣು.